ಕೈ ಮಾಡೀನ್ರಿ

ಮುಂಬಯಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಆ ಕತೆಯನ್ನು ಹೇಳುವುದು ಹೀಗೆ: ಕಟಕಟೆಯಲ್ಲಿ ನಿಂತ ಹುಡುಗ ಕನ್ನಡದಲ್ಲಿ “ಹೊಡೆದೆ” ಅಂದುಬಿಟ್ಟ. ಜಜ್ಜರಿಗೆ ಕನ್ನಡ ಬರದು, ಸರಕಾರಿ ವಕೀಲರಿಗೆ ಬರದು, ಟೈಪ್ ಮಾಡುವವರಿಗೂ ಬರದು. ನಮ್ಮ ವಕೀಲ ಕಾಕಾ ರೆಪ್ಪೆ ಅಲುಗಿಸದೆ “ಕೈ ಬೀಸಿ ಕರೆದೆ ಅನ್ನುತ್ತಿದ್ದಾನೆ, ಸಾಹೇಬರೇ” ಅಂತ ತಿರುಗಿಸಿ ಹೇಳಿದರು. ನಮ್ಮ ಹುಡುಗ ಉಳಿದ. ಇಷ್ಟು ಹೇಳಿ ಕಾರ್ಯದರ್ಶಿಗಳು ಕ್ಷಣ ನಿಲ್ಲುತ್ತಾರೆ. ಚಪ್ಪಾಳೆಗೆ ಎಲ್ಲಿ ಜಾಗ ಬಿಡಬೇಕೆಂದು ಅವರಿಗೆ ಗೊತ್ತು. ಹೋದ ತಿಂಗಳು ಕಾಕಾ ತೀರಿಕೊಂಡಾಗ ನಡೆದ ಶ್ರದ್ಧಾಂಜಲಿ ಸಭೆಯಲ್ಲೂ ಚಪ್ಪಾಳೆ ಬಿತ್ತು. ಇಂಥ ಸಭೆಯಲ್ಲಿ ತಟ್ಟಬಾರದು ಅನ್ನುವುದು ಆಮೇಲೆ ನೆನಪಾಗಿ ಜನ ಮೆಲ್ಲಗೆ ಕೈ ಇಳಿಸಿಕೊಂಡರು.

ಸ್ಮರಣ ಸಂಚಿಕೆಗೆ ಇದನ್ನೇ ಬರೆದುಕೊಡು ಅಂತ ನನಗೆ ಹೇಳಿದರು. ಅಂದು ಕಾಕಾನ ಜೂನಿಯರ್ ಆಗಿ ಕೋರ್ಟಿನಲ್ಲಿದ್ದವಳು ನಾನೇ ಆದ್ದರಿಂದ ನನ್ನ ಲೇಖನಿಗೆ ತೂಕ ಹೆಚ್ಚಂತೆ. ಬರೆಯುತ್ತೇನೆ. ಆದರೆ ಆ ಕತೆಯನ್ನಲ್ಲ, ಏಕೆಂದರೆ ಅದು ನಡೆದದ್ದಲ್ಲ.

ಮೊದಲು ಅದರಲ್ಲಿ ಏನನ್ನು ಹೊಗಳುತ್ತಿದ್ದೇವೆ ಅನ್ನುವುದನ್ನೇ ನೋಡೋಣ. ನಿಜವನ್ನೇ ಅನುವಾದಿಸುತ್ತೇನೆಂದು ಪ್ರಮಾಣ ಮಾಡಿ ನಿಂತವರು ಸುಳ್ಳು ಹೇಳಿದರೆ ಅದು ಅಪರಾಧ. ಹಾಗಾದರೆ ನಾವು ಸತ್ತ ವಕೀಲರೊಬ್ಬರ ಫೋಟೋಕ್ಕೆ ಹಾರ ಹಾಕಿ, ಅವರು ಅಪರಾಧಿಯಾಗಿದ್ದರು ಅಂತ ಅಭಿಮಾನದಿಂದ ಹೇಳುತ್ತಿದ್ದೇವೆ. ಇನ್ನು “ನಮ್ಮ ಹುಡುಗ” ಅನ್ನುವ ಮಾತು. ಉಳಿದವನು ನಮ್ಮವನು, ಸರಿ. ಅದೇ ಕೇಸಿನಲ್ಲಿ, ಕಟ್ಟಡದ ಸ್ಲ್ಯಾಬಿನಿಂದ ಬಿದ್ದು ಸತ್ತವನು ಯಾರ ಹುಡುಗ? ಅವನೂ ವಿಜಯಪುರ ಜಿಲ್ಲೆಯವನೇ, ಪಕ್ಕದ ಹಳ್ಳಿಯವನೇ. ಕಾರ್ಯದರ್ಶಿಗಳ ಕತೆಯಲ್ಲಿ ಅವನಿಗೆ ಒಂದು ವಾಕ್ಯವೂ ಇಲ್ಲ.

ಕಾಕಾ ಇದನ್ನು ಓದಿದ್ದರೆ ಕನ್ನಡಕದ ಮೇಲಿಂದ ನೋಡಿ, “ಆತಲ್ಲ, ಡಿಬೇಟ್ ಬಾಯಿ ಶುರು ಮಾಡಿದ್ಲು” ಅನ್ನುತ್ತಿದ್ದರು.

ಆ ಹೆಸರು ಅವರೇ ಇಟ್ಟದ್ದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳ ಬಲದ ಮೇಲೆ ನಾನು ಅವರ ಹತ್ತಿರ ಕೆಲಸ ಕೇಳಿಕೊಂಡು ಹೋಗಿದ್ದೆ. ಅಂಧೇರಿ ಸ್ಟೇಶನ್ನಿನ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಅರ್ಧ ಕೋಣೆ ಅವರದು, ಅರ್ಧ ಒಬ್ಬ ಗುಜರಾತಿ ಟ್ಯಾಕ್ಸ್ ಸಲಹೆಗಾರರದು. ಯಾವುದೇ ವಿಷಯಕ್ಕೂ ಪರವಾಗಿ, ವಿರೋಧವಾಗಿ ಎರಡೂ ಕಡೆಯಿಂದ ಮಾತಾಡಬಲ್ಲೆ ಅಂತ ನಾನು ಹೇಳಿಕೊಂಡೆ. ಅವರು ಕೇಳಿಸಿಕೊಂಡು, “ಛಲೋ ಆತು. ಆದ್ರ ಕಟಕಟೆಯಾಗ ನಿಂತಾಂವಗ ಒಂದಽ ಕಡೆ ಇರತೈತಿ, ಅದು ನೆನಪಿರ್ಲಿ” ಅಂದರು. ನನ್ನ ಕನ್ನಡ ಕೇಳಿ ಮುಖ ಕಿವುಚಿದರು. ನಮ್ಮದು ಬೆಳಗಾವಿ ಕಡೆಯ ಮನೆ. ಕನ್ನಡ, ಮರಾಠಿ ಒಂದೇ ತಾಟಿನಲ್ಲಿ ಉಂಡು ಬೆಳೆದದ್ದು. ಅದಕ್ಕೆ ಅಂಧೇರಿಯ ಹಿಂದಿ, ಕಾಲೇಜಿನ ಇಂಗ್ಲಿಷ್ ಬೇರೆ ಸೇರಿತ್ತು. ಈಗ ನೀವು ಓದುತ್ತಿರುವ ಕನ್ನಡ ಅವರು ತಿದ್ದಿ ತಿದ್ದಿ ಕೊಟ್ಟದ್ದು. ತಪ್ಪುಗಳಷ್ಟೇ ನನ್ನವು.

ಮನುಷ್ಯ ಕುಳ್ಳಗೆ, ಗುಂಡಗೆ. ಲೋಕಲ್‌ನಲ್ಲಿ ಹೋಗುವಾಗ ಕರಿ ಕೋಟನ್ನು ಬಿಚ್ಚಿ, ಒಳಗಿನ ಅಸ್ತರು ಹೊರಗೆ ಬರುವಂತೆ ಮಡಚಿ, ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ವಕೀಲನೆಂದು ಗೊತ್ತಾದರೆ ದಾದರ ಬರುವುದರೊಳಗೆ ಮೂರು ಮಂದಿ ತಮ್ಮ ಸೊಸೆಯ ಕೇಸು ಹೇಳುತ್ತಾರೆ ಅನ್ನುವುದು ಅವರ ಕಾರಣ. ಹೇಳಿದವರಿಗೆ ಇಲ್ಲ ಅನ್ನಲು ಅವರಿಗೆ ಬರುತ್ತಿರಲಿಲ್ಲ ಅನ್ನುವುದು ನಿಜವಾದ ಕಾರಣ.

ಆದರೆ ಒಂದು ಜಾಗದಲ್ಲಿ ಇಲ್ಲ ಅನ್ನಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅವರ ಹತ್ತಿರ ಬರುತ್ತಿದ್ದ ಕೇಸುಗಳು ಹೆಚ್ಚಾಗಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರವು. ಆರೋಪಿ ಒಬ್ಬನೇ ಬರುವುದೇ ಇಲ್ಲ. ಅವನನ್ನು ಯಾರಾದರೂ ಕರೆತರುತ್ತಾರೆ. ಮಾವ, ಮಾಲಕ, ಇಲ್ಲವೇ ಊರಿಂದ ಕೂಲಿಯವರನ್ನು ತರುವ ಮುಕಾದಮ. ಕರೆತಂದವರೇ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳುತ್ತಾರೆ, ಆರೋಪಿ ಗೋಡೆಗೆ ಒರಗಿ ನಿಂತಿರುತ್ತಾನೆ. ಕಾಕಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕುರ್ಚಿಯವರನ್ನು ಚಹಾಕ್ಕೆ ಕಳಿಸಿ, ನಿಂತವನನ್ನು ಕುರ್ಚಿಯಲ್ಲಿ ಕೂಡಿಸುವುದು. ಆಮೇಲೆ ಬಾಗಿಲು ಹಾಕಿ ಎಲ್ಲ ಕೇಳುತ್ತಿದ್ದರು. ಎಲ್ಲ ಅಂದರೆ ಎಲ್ಲ. ಕೆಲವು ವಕೀಲರು “ನೀನು ಮಾಡಿದೆಯಾ” ಅಂತ ಕಕ್ಷಿದಾರನನ್ನು ಕೇಳುವುದೇ ಇಲ್ಲ, ಗೊತ್ತಿಲ್ಲದೆ ಇರುವುದೇ ಕ್ಷೇಮ ಅನ್ನುತ್ತಾರೆ. ಕಾಕಾಗೆ ಅದು ಹೇಡಿತನವಾಗಿ ಕಾಣುತ್ತಿತ್ತು. ಡಾಕ್ಟರ ಮುಂದೆ ಹೊಟ್ಟೆ ಮುಚ್ಚಿಕೊಂಡರೆ ಅವರು ಏನನ್ನು ನೋಡಬೇಕು ಅನ್ನುತ್ತಿದ್ದರು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡಿರಬೇಕು; ನನ್ನ ವಾದದಲ್ಲಿ ಕಾಕಾಗೆ ವಿರುದ್ಧವಾಗಿ ನಿಲ್ಲುವ ಸಾಕ್ಷ್ಯ ಇದೇ.

ಒಮ್ಮೆ ಒಬ್ಬ ಮುಕಾದಮ ಚಹಾ ಕುಡಿದು ಬಂದು, ಒಳಗೆ ಹುಡುಗ ಏನಂದ ಅಂತ ಕೇಳಿದ. “ಮಳಿ ಯಾವಾಗ ನಿಂದರತೈತಿ ಅಂತ ಕೇಳಿದ” ಅಂದರು ಕಾಕಾ. ಫೀ ಕೊಡುವವನು ನಾನಲ್ಲವೇ ಅಂದದ್ದಕ್ಕೆ, ಹೌದು, ಆದರೆ ಜೈಲಿಗೆ ಹೋಗುವವನು ಅವನಲ್ಲವೇ ಅಂದರು. ಇನ್ನೊಮ್ಮೆ ಅಣ್ಣ ತಮ್ಮ ಇಬ್ಬರೂ ಒಂದೇ ಹೊಡೆದಾಟದಲ್ಲಿ ಸಿಕ್ಕಿಬಿದ್ದು, ಇಬ್ಬರಿಗೂ ನೀವೇ ನಿಲ್ಲಿ ಅಂತ ಕೈಮುಗಿದರು. ಕಾಕಾ ಒಬ್ಬನನ್ನು ಬೇರೆ ವಕೀಲರ ಹತ್ತಿರ ಕಳಿಸಿದರು. ಒಂದೇ ರಕ್ತ, ಒಂದೇ ಮನೆ, ಒಬ್ಬರೇ ವಕೀಲರು ಸಾಲದೇ ಅಂತ ಅವರ ತಾಯಿ ಅತ್ತರೂ ಕರಗಲಿಲ್ಲ. “ಒಂದು ಛತ್ರಿಯೊಳಗ ಇಬ್ಬರ ತಲಿ ಹಿಡಸತಾವವ್ವಾ, ಮಳಿ ಜೋರಾದ ಮ್ಯಾಲೆ ಒಬ್ಬಾಂವ ತೊಯ್ಯಾಂವನಽ” ಅಂದರು. ಆ ಕೇಸಿನಲ್ಲಿ ಆರು ತಿಂಗಳಿಗೆ ಅಣ್ಣ ತಮ್ಮನ ಮೇಲೇ ಎಲ್ಲ ಹೊರಿಸಿದ. ಕಾಕಾ ಹೇಳಿದ್ದೆನಲ್ಲ ಅಂತ ಬೀಗಲಿಲ್ಲ, ಬೇಜಾರಾಗಿ ಒಂದು ವಾರ ನನ್ನ ಜೊತೆ ವಾದಕ್ಕೂ ಇಳಿಯಲಿಲ್ಲ.

ಈಗ ಆ ಕೇಸು. ಪವಾಯಿಯಲ್ಲಿ ಕೆರೆ ಕಾಣುವಂತೆ ಏಳುತ್ತಿದ್ದ ಟವರ್ ಒಂದರಲ್ಲಿ ನಮ್ಮ ಕಡೆಯ ಇಬ್ಬರು ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ನೀರಿನ ಸರದಿಯಲ್ಲಿ ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತ್ತು. ಮಧ್ಯಾಹ್ನ ಮೇಲಿನ ಸ್ಲ್ಯಾಬಿನಲ್ಲಿ ಇಬ್ಬರೇ ಇದ್ದಾಗ ಒಬ್ಬ ಅಂಚಿನಿಂದ ಕೆಳಗೆ ಬಿದ್ದು ಸತ್ತ. ಅಂಚಿಗೆ ಕಠಡಾ, ಅಂದರೆ ತಡೆಗಂಬಿ, ಇರಲಿಲ್ಲ. ಪಕ್ಕದ ಟವರಿನಿಂದ ನೋಡಿದ ಒಬ್ಬ ಮೇಸ್ತ್ರಿ, ಇವನು ಕೈ ಎತ್ತಿದ್ದನ್ನು ನೋಡಿದೆ, ಅವನು ಬಿದ್ದದ್ದನ್ನು ನೋಡಿದೆ ಅಂದ. ನಡುವೆ ಏನಾಯಿತು ಅನ್ನುವುದು ಅವನಿಗೂ ಗೊತ್ತಿಲ್ಲ. ಇವನ ಮೇಲೆ ಕೊಲೆಯ ಕೇಸಾಯಿತು.

ಕಾಕಾನ ಹತ್ತಿರ ಮೊದಲು ಬಂದದ್ದು ಮುಕಾದಮ. ಹುಡುಗ ಒಪ್ಪಿಕೊಳ್ಳಲಿ, ಸಿಟ್ಟಿನಲ್ಲಿ ಆಯಿತು ಅನ್ನಲಿ, ಶಿಕ್ಷೆ ಕಡಿಮೆ ಆಗುವಂತೆ ನೀವು ನೋಡಿಕೊಳ್ಳಿ, ಮನೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂದ. ನಾವು ಅಂದರೆ ಯಾರು ಅಂತ ಕಾಕಾ ಕೇಳಿದರು. ಅವನು ಮತ್ತೆ ಮನೆಯ ಖರ್ಚಿನ ಮಾತನ್ನೇ ಎತ್ತಿದ. ಅದು ಜಗಳದ ಸಾವಾದರೆ ಕಠಡಾ ಯಾಕಿರಲಿಲ್ಲ ಅಂತ ಬಿಲ್ಡರನನ್ನು ಯಾರೂ ಕೇಳುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಇಷ್ಟು ಗೊತ್ತಾಗಲು ಡಿಬೇಟ್ ಬೇಕಿರಲಿಲ್ಲ. ಕಾಕಾ ಅವನನ್ನು ಮೆಟ್ಟಿಲು ಇಳಿಸಿ, ಆರೋಪಿಯ ಹೆಂಡತಿಯನ್ನು ಕರೆಸಿಕೊಂಡರು. ಅವಳೂ ಅದೇ ಸೈಟಿನಲ್ಲಿ ಬುಟ್ಟಿ ಹೊರುತ್ತಿದ್ದವಳು. ಕಾಕಾ ಜೈಲಿಗೆ ಹೋಗಿ ಅವನಿಂದ ವಕಾಲತ್ತಿಗೆ ಸಹಿ ಮಾಡಿಸಿಕೊಂಡು ಬಂದರು. ಆ ಭೇಟಿಗಳಿಗೆ ಒಬ್ಬರೇ ಹೋದರು. ನನ್ನನ್ನು ಯಾಕೆ ಒಯ್ಯುವುದಿಲ್ಲ ಅಂದರೆ, ಅವನು ಹೆಣ್ಣುಮಕ್ಕಳ ಮುಂದೆ ಬೈಗುಳ ನುಂಗುತ್ತಾನೆ, ಬೈಗುಳ ನುಂಗಿದರೆ ಅರ್ಧ ಕತೆ ನುಂಗಿದಂತೆ ಅಂದರು.

ವಿಚಾರಣೆ ಬರುವುದರಲ್ಲಿ ವರ್ಷಗಳು ಹೋದವು. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಜ್ಜರು ಆರೋಪಿಯನ್ನೇ ನೇರವಾಗಿ ಕೇಳುವ ಘಟ್ಟ ಒಂದಿದೆ: ನಿನ್ನ ವಿರುದ್ಧ ಇಂಥಿಂಥದು ಬಂದಿದೆ, ನೀನು ಏನನ್ನುತ್ತೀ? ಉತ್ತರ ಅವನದೇ ಆಗಿರಬೇಕು, ವಕೀಲ ಬಾಯಿ ಹಾಕುವಂತಿಲ್ಲ. ಅಷ್ಟರಲ್ಲಿ ಅವನಿಗೆ ಜೈಲಿನ ಹಿಂದಿ ಬಂದಿತ್ತು, ಹಿಂದಿಯಲ್ಲೇ ಮುಗಿಸಿಬಿಡೋಣ ಅಂತ ನಾನು ಅಂದೆ. ಕಾಕಾ ಒಪ್ಪಲಿಲ್ಲ. “ಜೈಲಿನ್ಯಾಗ ಕಲತ ಹಿಂದಿಯೊಳಗ ಬ್ಯಾಳಿ ಕೇಳಬಹುದು. ಜೀವಾ ಕೇಳಾಕ ಆಗೂದಿಲ್ಲ” ಅಂದು ಕನ್ನಡದ ದುಭಾಷಿ ಬೇಕೆಂದು ಅರ್ಜಿ ಹಾಕಿದರು.

ಮೊದಲ ತಾರೀಖಿಗೆ ದುಭಾಷಿ ಬರಲೇ ಇಲ್ಲ. ಎರಡನೆಯದಕ್ಕೆ ಒಬ್ಬರು ಬಂದರು, ಕರಾವಳಿ ಕಡೆಯವರು, ಬಹಳ ಸಭ್ಯರು, ಪುಸ್ತಕದ ಕನ್ನಡ. ಬೆಳಗಿನ ಜಗಳದ ಬಗ್ಗೆ ಜಜ್ಜರು ಕೇಳಿದಾಗ ಆರೋಪಿ, “ಅಂವಽ ಮೊದಲ ನಿನಗ ತಿಂಡಿ ಐತೇನಲೇ ಅಂದಾನ್ರಿ” ಅಂದ. ದುಭಾಷಿಗಳು ಗಂಭೀರವಾಗಿ, ನಿನ್ನ ಹತ್ತಿರ ಬೆಳಗಿನ ಉಪಾಹಾರ ಇದೆಯೇ ಎಂದು ಮೃತನು ವಿಚಾರಿಸಿದನು ಅಂತ ಇಂಗ್ಲಿಷಿನಲ್ಲಿ ಹೇಳಿದರು. ಜಜ್ಜರು ಅದನ್ನು ಬರೆಸಿಯೂಬಿಟ್ಟರು. ನಮ್ಮ ಕಡೆ ತಿಂಡಿ ಅಂದರೆ ತುರಿಕೆ; ಏನು, ಮೈ ತುರಿಸುತ್ತಿದೆಯೇನೋ ಅಂತ ಜಗಳಕ್ಕೆ ಕರೆಯುವ ಮಾತು ಅದು. ನಾನು ಫೈಲಿನ ಹಿಂದೆ ಮುಖ ಮುಚ್ಚಿಕೊಂಡೆ. ಕಾಕಾ ಎದ್ದು ಆಕ್ಷೇಪಿಸಿದರು. ದುಭಾಷಿಗಳಿಗೆ ಅವಮಾನವಾಗಿ, ಇದು ಕನ್ನಡವೇ ಅಲ್ಲ ಅಂದು ಹೊರಟುಹೋದರು. ಆಗ ಜಜ್ಜರು ಕಾಕಾನ ಕಡೆ ತಿರುಗಿ, ವಕೀಲ ಸಾಹೇಬ, ನಿಮಗೆ ಈ ಭಾಷೆ ಬರುತ್ತದಲ್ಲ, ನೀವೇ ಹೇಳಿ ಮುಗಿಸಿ ಅಂದರು. ಸರಕಾರಿ ವಕೀಲರೂ ತಮ್ಮದೇನೂ ಅಡ್ಡಿಯಿಲ್ಲ ಅಂದರು.

ಕಾಕಾ ಆಗುವುದಿಲ್ಲ ಅಂದರು. ನಾನು ಅವನ ವಕೀಲ, ಅವನ ನಾಲಿಗೆಯಾಗಲು ನನಗೆ ಬರುವುದಿಲ್ಲ ಅಂದರು. ಮತ್ತೆ ತಾರೀಖು ಬಿತ್ತು, ಅವನು ಮತ್ತೆ ಜೈಲಿನ ಗಾಡಿ ಹತ್ತಿದ.

ಅಂದು ಸಂಜೆ ಆಫೀಸಿನಲ್ಲಿ ನಾನು ಕಾಕಾನ ಜೊತೆ ಜೋರಾಗಿ ಜಗಳಾಡಿದೆ. ನನ್ನ ವಾದ ಇಷ್ಟು: ವಕೀಲನ ಹಿತಕ್ಕೂ ಕಕ್ಷಿದಾರನ ಹಿತಕ್ಕೂ ತಿಕ್ಕಾಟ ಬರಬಾರದು ಅಂತ ನಮಗೆ ಕಲಿಸುತ್ತಾರೆ. ಕಲಿಸುವವರೆಲ್ಲ ಆ ಹಿತವೆಂದರೆ ದುಡ್ಡು ಅಂದುಕೊಂಡಿರುತ್ತಾರೆ. ತನ್ನ ಕೈ ಚೊಕ್ಕಟವಾಗಿರಬೇಕು ಅನ್ನುವುದೂ ವಕೀಲನದೇ ಒಂದು ಹಿತ ಅಲ್ಲವೇ? ನೀವು ಚೊಕ್ಕಟವಾಗಿರಲು ಅವನು ಇನ್ನೆಷ್ಟು ದಿನ ಒಳಗಿರಬೇಕು? ಅವರು ನನ್ನ ಮಾತಿಗೆ ಉತ್ತರ ಕೊಡುವ ಮೊದಲೇ ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿ ಎದ್ದಳು. ನಮ್ಮಿಬ್ಬರ ವಾದ ಅವಳಿಗೆ ಪೂರ್ತಿ ತಿಳಿದಿರಲಿಲ್ಲ, ಬೇಕಾದದ್ದು ತಿಳಿದಿತ್ತು.

“ನಿಮ್ಮ ನೇಮ ನಿಮ್ಮ ಮನ್ಯಾಗ ಇಟ್ಕೋರಿ ಕಾಕಾ. ನನ್ನ ಗಂಡ ಅಲ್ಲಿ ಒಳಗ ಅದಾನ.”

ಗುಜರಾತಿ ಸಲಹೆಗಾರರು ಕೂಡ ಕ್ಯಾಲ್ಕುಲೇಟರ್ ಒತ್ತುವುದನ್ನು ನಿಲ್ಲಿಸಿದ್ದರು. ಕಾಕಾ, “ಇಬ್ಬರೂ ಹೆಣ್ಣುಮಕ್ಕಳು ಕೂಡಿ ನನ್ನ ಜಾತಿ ಕೆಡಸ್ತೀರಿ” ಅಂದು ನಕ್ಕರು. ವಕೀಲನ ಜಾತಿ ಅನ್ನುವ ಅರ್ಥದಲ್ಲಿ.

ಮುಂದಿನ ತಾರೀಖಿಗೆ ಅವರು ಮಾಡಿದ್ದನ್ನು ನಾನು ಬೇರೆ ಯಾವ ವಕೀಲರೂ ಮಾಡಿದ್ದು ನೋಡಿಲ್ಲ. ದುಭಾಷಿಯ ಪ್ರಮಾಣ ತೆಗೆದುಕೊಳ್ಳುವ ಮೊದಲು ಕೊರಳಿನ ಬಿಳಿ ಪಟ್ಟಿಯನ್ನು ಬಿಚ್ಚಿದರು. ಕರಿ ಕೋಟನ್ನೂ ಬಿಚ್ಚಿ ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದರು. “ಈಗ ಇಲ್ಲಿ ವಕೀಲ ನೀನು” ಅಂತ ನನ್ನನ್ನು ಅಲ್ಲಿ ಕೂಡಿಸಿ, ತಾವು ಬರಿ ಅಂಗಿಯಲ್ಲಿ ಕಟಕಟೆಯ ಪಕ್ಕಕ್ಕೆ ಹೋಗಿ ನಿಂತರು. ಅಂಗಿಯ ತೋಳಿಗೆ ಒಂದು ಕಡೆ ಗುಂಡಿ ಇರಲಿಲ್ಲ. ಕೋಟಿಲ್ಲದ ಕಾಕಾ ಕಟಕಟೆಯಲ್ಲಿದ್ದವನ ಸೋದರಮಾವನಂತೆ ಕಾಣುತ್ತಿದ್ದರು. ಜಜ್ಜರಿಗೂ ಹಾಗೇ ಅನಿಸಿತೋ ಏನೋ, ಒಮ್ಮೆ ಕೆಮ್ಮಿ ಕೆಲಸ ಶುರು ಮಾಡಿದರು.

ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕಾಕಾ ಅದನ್ನು ವಿಜಯಪುರದ ಕನ್ನಡ ಮಾಡುತ್ತಿದ್ದರು. ಉತ್ತರ ಕನ್ನಡದಲ್ಲಿ ಬಂದರೆ ಅದನ್ನು ಇಂಗ್ಲಿಷ್ ಮಾಡುತ್ತಿದ್ದರು. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ತಿಂಡಿಯನ್ನು ತುರಿಕೆ ಅಂತಲೇ ಹೇಳಿದರು, ಅದು ಜಗಳಕ್ಕೆ ಕರೆಯುವ ಮಾತು ಅಂತಲೂ ಹೇಳಿದರು. ಅವನಿಗೆ ಸಿಟ್ಟು ಬರಲು ಕಾರಣವಿತ್ತು ಅನ್ನುವುದು ಅದರಿಂದ ಸ್ಪಷ್ಟವಾಗಿ, ನಮ್ಮ ಕೇಸಿಗೆ ಪೆಟ್ಟು ಬಿತ್ತು. ಬೀಳಲಿ ಅಂತ ಬಿಟ್ಟರು. ಇದನ್ನು ಕಾರ್ಯದರ್ಶಿಗಳು ಯಾವತ್ತೂ ಹೇಳುವುದಿಲ್ಲ.

ಆಮೇಲೆ ಆ ಪ್ರಶ್ನೆ ಬಂತು. ನೀನು ಮೃತನನ್ನು ಹೊಡೆದೆ, ಆದ್ದರಿಂದ ಅವನು ಬಿದ್ದ ಅನ್ನುವುದು ಸರಕಾರದ ಆರೋಪ. ನಿನ್ನ ಉತ್ತರವೇನು?

ಅವನು ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡು ಹೇಳಿದ: “ನಾ ಕೈ ಮಾಡೀನ್ರಿ. ಅಂವ ಬಿದ್ದ.”

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕೈ ಮಾಡುವುದು ಅಂದರೆ ಎರಡು. ರಿಕ್ಷಾಕ್ಕೆ ಕೈ ಮಾಡುತ್ತಾರೆ. ಹೆಂಡತಿಯ ಮೇಲೂ ಕೈ ಮಾಡುತ್ತಾರೆ. ಮೊದಲನೆಯದು ಸನ್ನೆ, ಎರಡನೆಯದು ಹೊಡೆತ. ಅಂವಗ ಅಂದಿದ್ದರೆ ಸನ್ನೆ, ಅಂವನ ಮ್ಯಾಲೆ ಅಂದಿದ್ದರೆ ಹೊಡೆತ. ಅವನು ಎರಡನ್ನೂ ಅನ್ನಲಿಲ್ಲ. ಕೈ ಮಾಡೀನ್ರಿ, ಅಷ್ಟೆ. ಅಂಚಿಗೆ ಹೋಗಬೇಡ ಅಂತ ಕೈ ಮಾಡಿದನೋ, ಬೆಳಗಿನ ತಿಂಡಿಯ ಲೆಕ್ಕ ತೀರಿಸಲು ಕೈ ಮಾಡಿದನೋ, ಆ ವಾಕ್ಯ ಹೇಳುವುದಿಲ್ಲ.

ಕಾಕಾ ತಡೆದರು. ಕಾರ್ಯದರ್ಶಿಗಳು ಹೇಳುವ ಹಾಗೆ ಥಟ್ಟನೆ ಹೇಳಲಿಲ್ಲ. ಜಜ್ಜರು ತಲೆಯೆತ್ತಿ ನೋಡುವಷ್ಟು ಹೊತ್ತು ತಡೆದರು. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಹೊಡೆದೆ ಅಂದರೆ, ಎರಡು ಅರ್ಥಗಳಲ್ಲಿ ಕೆಟ್ಟದ್ದನ್ನು ತಾವೇ ಆರಿಸಿ ತಮ್ಮ ಕಕ್ಷಿದಾರನನ್ನು ಮುಳುಗಿಸಿದಂತೆ. ಸನ್ನೆ ಮಾಡಿದೆ ಅಂದರೆ ಒಳ್ಳೆಯದನ್ನು ಆರಿಸಿ ಪ್ರಮಾಣ ಮುರಿದಂತೆ. ನೀನು ಯಾವ ಅರ್ಥದಲ್ಲಿ ಅಂದೆ ಅಂತ ಅವನನ್ನೇ ತಿರುಗಿ ಕೇಳಲು ದುಭಾಷಿಗೆ ಅಧಿಕಾರವಿಲ್ಲ. ಈ ಮಾತಿಗೆ ಎರಡು ಅರ್ಥ ಇವೆ ಅಂತ ಜಜ್ಜರಿಗೆ ಹೇಳಬಹುದಿತ್ತು, ತಿಂಡಿಗೆ ಹೇಳಿದ ಹಾಗೆ. ಹೌದು, ಹೇಳಬಹುದಿತ್ತು.

ಅವರು ಹೇಳಿದ್ದು ಇದು: “ತೋ ಮ್ಹಣತೋ, ಮೀ ಹಾತ ಕೇಲಾ. ತೋ ಪಡಲಾ.”

ಮರಾಠಿಯಲ್ಲಿ. ಅವನು ಅನ್ನುತ್ತಾನೆ, ನಾನು ಕೈ ಮಾಡಿದೆ, ಅವನು ಬಿದ್ದ. ಶಬ್ದಕ್ಕೆ ಶಬ್ದ, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಆದರೆ ಮರಾಠಿಯಲ್ಲಿ ಹಾತ ಕೇಲಾ ಅಂದರೆ 'ಸನ್ನೆ ಮಾಡಿದೆ' ಅಂತ ಮಾತ್ರ. ಬಸ್ಸಿಗೆ, ರಿಕ್ಷಾಕ್ಕೆ, ದೂರದಲ್ಲಿ ಕಂಡ ಗೆಳೆಯನಿಗೆ ಮಾಡುವುದು. ಹೊಡೆತಕ್ಕೆ ಅಲ್ಲಿ ಬೇರೆ ಮಾತಿದೆ. ಜಜ್ಜರು ಮರಾಠಿಯವರು. “ಹಾತ ಕೇಲಾ” ಅಂತ ತಮ್ಮಷ್ಟಕ್ಕೆ ಅಂದುಕೊಂಡು, ರಿಕ್ಷಾ ನಿಲ್ಲಿಸುವವರಂತೆ ಕೈ ಸ್ವಲ್ಪ ಎತ್ತಿ, ತಾನು ಸನ್ನೆ ಮಾಡಿದ್ದಾಗಿ ಆರೋಪಿ ಹೇಳುತ್ತಾನೆ ಅಂತ ಇಂಗ್ಲಿಷಿನಲ್ಲಿ ಬರೆಸಿದರು. ಸರಕಾರಿ ವಕೀಲರಿಗೂ ಹಾಗೇ ಕೇಳಿಸಿತು. ಮುಂದಿನ ಪ್ರಶ್ನೆಗೆ ಕಾಕಾ ಮತ್ತೆ ಇಂಗ್ಲಿಷಿಗೆ ಮರಳಿದರು.

ಕಾಕಾನನ್ನು ಬಿಟ್ಟರೆ ಆ ಕೋಣೆಯಲ್ಲಿ ಮೂರೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ಆ ಹೊತ್ತಿಗೆ ಆರೋಪಿಯ ವಕೀಲಳು ನಾನು. ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸವಾಗಿತ್ತು, ಮುಚ್ಚಿಕೊಂಡಿದ್ದೆ. ಸತ್ತವನ ಕಡೆಯಿಂದ ಅಂದು ಯಾರೂ ಬಂದಿರಲಿಲ್ಲ. ಬಂದಿದ್ದರೆ ಅವರಿಗೂ ಕನ್ನಡ ತಿಳಿಯುತ್ತಿತ್ತು.

ಅವನು ಬಿಡುಗಡೆಯಾದ. ಅದೊಂದೇ ಮಾತಿನಿಂದ ಅಲ್ಲ. ಕಠಡಾ ಇರಲಿಲ್ಲ, ಸಾಕ್ಷಿ ದೂರದಲ್ಲಿದ್ದ, ಸಂಶಯದ ಲಾಭ ಆರೋಪಿಗೆ ಸಿಗಬೇಕು; ತೀರ್ಪಿನ ಬಹುಭಾಗ ಇದೇ. ಆದರೆ ಆರೋಪಿಯ ಹೇಳಿಕೆ ಸನ್ನೆ ಎಂಬುದಕ್ಕೆ ಹೊಂದುತ್ತದೆ ಅನ್ನುವ ಸಾಲೂ ಅದರಲ್ಲಿತ್ತು. ಸರಕಾರ ಮೇಲ್ಮನವಿಗೆ ಹೋಗಲಿಲ್ಲ. ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಂದು ಪ್ರಶ್ನೋತ್ತರ ಮುಗಿದು ಸ್ಟೇಶನ್ನಿಗೆ ನಡೆಯುವಾಗ ನಾನು ಕೇಳಿಯೇಬಿಟ್ಟೆ. ಎಲ್ಲ ಉತ್ತರವನ್ನೂ ಇಂಗ್ಲಿಷಿನಲ್ಲಿ ಹೇಳಿದಿರಿ, ಅದೊಂದಕ್ಕೆ ಮಾತ್ರ ಮರಾಠಿ ಯಾಕೆ? ಬಾಯಿಗೆ ಬಂತು ಅಂದರು. ಇಷ್ಟು ವರ್ಷ ವಕೀಲಿ ಮಾಡಿದ ಬಾಯಿಗೆ ಸುಮ್ಮನೆ ಏನೂ ಬರುವುದಿಲ್ಲ ಅಂದೆ. ಅವರು ಕೋಟನ್ನು ಮಡಚಿ ಅಸ್ತರು ಹೊರಗೆ ಮಾಡಿಕೊಳ್ಳುತ್ತಿದ್ದರು.

“ನೀ ಜಜ್ಜ ಆಗಿದ್ರ ನಾ ಇನ್ನಷ್ಟು ಹುಷಾರಿರತಿದ್ದೆ” ಅಂದರು. ಸ್ವಲ್ಪ ದೂರ ಹೋದ ಮೇಲೆ, “ಅಂವ ಅಂದದ್ದನ್ನ ಅಂದೀನಿ ತಂಗಿ. ಬೇಕಾದ್ರ ಒಂದೊಂದು ಶಬ್ದ ಹಚ್ಚಿ ನೋಡು.”

ನೋಡಿದ್ದೇನೆ. ಎಷ್ಟೋ ಸಲ ನೋಡಿದ್ದೇನೆ. ಪರವಾಗಿ ವಾದಿಸು ಅಂದರೆ ಹೀಗೆ ವಾದಿಸಬಲ್ಲೆ: ಕಕ್ಷಿದಾರನಿಗೂ ಪ್ರಮಾಣಕ್ಕೂ ದ್ರೋಹವಾಗದ ಒಂದೇ ಒಂದು ವಾಕ್ಯ ಆ ಕೋಣೆಯಲ್ಲಿತ್ತು, ಕಾಕಾ ಅದನ್ನು ಹುಡುಕಿದರು, ಜಜ್ಜರು ಅದನ್ನು ಹೇಗೆ ಕೇಳಿಸಿಕೊಂಡರು ಅನ್ನುವುದು ಜಜ್ಜರ ಜವಾಬ್ದಾರಿ. ವಿರೋಧವಾಗಿ ಅಂದರೆ ಇನ್ನೂ ಸುಲಭ: ಜಜ್ಜರು ಹೇಗೆ ಕೇಳಿಸಿಕೊಳ್ಳುತ್ತಾರೆ ಅಂತ ಗೊತ್ತಿದ್ದೇ ಆ ಭಾಷೆಯನ್ನು ಆರಿಸಿದರು, ಪ್ರಮಾಣ ಮಾಡಿ ನಿಂತದ್ದು ಬರಿ ಅಂಗಿ, ಮಾತಾಡಿದ್ದು ಕುರ್ಚಿಗೆ ನೇತುಹಾಕಿದ ಕೋಟು. ಎರಡಕ್ಕೂ ಕಪ್ಪು ಗೆಲ್ಲಬಲ್ಲೆ. ಆದರೆ ಎರಡೂ ವಾದ ಕೊನೆಗೆ ಒಂದೇ ಸಂಗತಿಯ ಮೇಲೆ ನಿಲ್ಲುತ್ತವೆ. ಆ ಕೈ ಯಾವುದೆಂದು ಕಾಕಾಗೆ ಮೊದಲೇ ಗೊತ್ತಿತ್ತೇ? ಅದು ನಿಜವಾಗಿಯೂ ಸನ್ನೆಯೆಂದು ಅವನು ಜೈಲಿನಲ್ಲಿ ಹೇಳಿದ್ದರೆ, ಕಾಕಾ ಮರಾಠಿಯಲ್ಲಿ ಹೇಳಿದ್ದು ನಿಜದ ನಿಜ. ಹೊಡೆತವೆಂದು ಹೇಳಿದ್ದರೆ, ನಿಜವಾದ ಶಬ್ದಗಳಿಂದಲೇ ಕಟ್ಟಿದ ಸುಳ್ಳು. ಕಾಕಾ ಬಾಗಿಲು ಹಾಕಿ ಎಲ್ಲ ಕೇಳುವ ಮನುಷ್ಯ. ಕೇಳಿಯೇ ಇರುತ್ತಾರೆ.

ಬಿಡುಗಡೆಯಾದ ದಿನ ಸಂಘದವರು ಧಾರವಾಡ ಪೇಡೆಯ ಡಬ್ಬಿ ತಂದರು. ಕಾಕಾ ಅದನ್ನು ಬಿಚ್ಚದೆ ಗುಜರಾತಿ ಸಲಹೆಗಾರರ ಟೇಬಲ್ಲಿಗೆ ಸರಿಸಿದರು. ಮುಂದೆ ಸಂಘದಲ್ಲಿ ಯಾರಾದರೂ ಆ ಕತೆ ಎತ್ತಿದರೆ ಎದ್ದು ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದರು. ದೊಡ್ಡವರಿಗೆ ಹೊಗಳಿಕೆ ಹಿಡಿಸುವುದಿಲ್ಲ ಅಂದುಕೊಂಡರು ಎಲ್ಲರೂ. ನನಗೆ ಅದು ವಿನಯವಾಗಿ ಕಾಣಲಿಲ್ಲ. ಆಮೇಲೆ ಇನ್ನೊಬ್ಬ ಆರೋಪಿಗೆ ದುಭಾಷಿಯಾಗಿ ನಿಲ್ಲಿ ಅಂತ ಬೇರೆ ಜಜ್ಜರು ಕೇಳಿದಾಗ, ತನಗೆ ಕನ್ನಡ ಅಷ್ಟು ಚೆನ್ನಾಗಿ ಬರುವುದಿಲ್ಲ ಅಂದುಬಿಟ್ಟರು. ಅವರು ಕೋರ್ಟಿನಲ್ಲಿ ಖಂಡಿತವಾಗಿ ಹೇಳಿದ ಸುಳ್ಳು ಅಂತ ನನಗೆ ಗೊತ್ತಿರುವುದು ಅದೊಂದೇ.

ಪರೇಲಿನ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮಾತು ಕಡಿಮೆಯಾಗಿತ್ತು, ಕಣ್ಣಿನ ತುಂಟತನ ಇತ್ತು. ಮತ್ತೊಮ್ಮೆ ಕೇಳಿದೆ. ಈ ಸಲ ಮರಾಠಿಯ ಬಗ್ಗೆ ಅಲ್ಲ, ಜೈಲಿನಲ್ಲಿ ಅವನು ಹೇಳಿದ್ದರ ಬಗ್ಗೆ. ಕೇಸು ಮುಗಿದಿದೆ, ಇನ್ನು ಯಾರಿಗೂ ತೊಂದರೆಯಿಲ್ಲ ಅಂದೆ.

“ಅದು ನಂದಲ್ಲ, ಹೇಳಾಕ” ಅಂದರು. “ಅಂವಂದು. ಬೇಕಾದ್ರ ಅಂವನ್ನ ಕೇಳು. ನಾ ಕೇಳಂದಿದ್ದೆ ಅಂತ ಮಾತ್ರ ಹೇಳಬ್ಯಾಡ, ನಿನ್ನ ಸಲುವಾಗಿ ಕೇಳು.”

ಹೀಗೆ ಅನ್ನಬೇಕಾದರೆ ಅವರ ಹತ್ತಿರ ಹೇಳದೆ ಇಟ್ಟುಕೊಂಡದ್ದು ಏನೋ ಇತ್ತು. ಅದು ಅವರನ್ನು ಉಳಿಸುವ ಮಾತಾಗಿದ್ದರೂ ಅವರು ಹೇಳುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಸಂಶಯ ನನ್ನ ಕಸುಬು. ಇದೊಂದರ ಬಗ್ಗೆ ನನಗೆ ಸಂಶಯವಿಲ್ಲ. ಜನ ತಮ್ಮನ್ನು ಕಳ್ಳ ಅನುವಾದಕ ಅಂತ ಹೊಗಳುವುದನ್ನು ಕೇಳುತ್ತ, ಬಾಯಿ ಬಿಡದೆ, ಚಪ್ಪಲಿ ಹುಡುಕುತ್ತ ಬದುಕಿದರು.

ಶ್ರದ್ಧಾಂಜಲಿ ಸಭೆಗೆ ಅವನು ಬಂದಿದ್ದ. ಈಗ ಅಂಧೇರಿಯಲ್ಲೇ ಒಂದು ಸೈಟಿನಲ್ಲಿ ಮೇಸ್ತ್ರಿ. ತಲೆ ಮುಂದುಗಡೆ ಬೆಳ್ಳಗಾಗಿದೆ. ಕಾರ್ಯದರ್ಶಿಗಳು ಕತೆ ಹೇಳಿ ಮುಗಿಸಿದಾಗ ಜನ ಅವನ ಕಡೆ ತಿರುಗಿ ನೋಡಿದ್ದರು, ಅವನು ತಲೆ ಬಗ್ಗಿಸಿ ಕೂತಿದ್ದ. ಸಭೆ ಮುಗಿದು ಚಹಾ ಕೊಡುತ್ತಿದ್ದಾಗ ಗಂಡ ಹೆಂಡತಿ ನನ್ನ ಹತ್ತಿರ ಬಂದರು. ಕಾಕಾ ಹೋದದ್ದು ತನಗೆ ತಂದೆ ಹೋದಂತಾಯಿತು ಅಂದ. ನನಗಿಂತ ದೊಡ್ಡವನಾದರೂ ಅಕ್ಕಾರ ಅಂತಲೇ ಕರೆಯುತ್ತಾನೆ. ನಾನು ಏನನ್ನೂ ಕೇಳಬೇಕೆಂದು ಬಂದಿರಲಿಲ್ಲ. ಅವನು ಚಹಾದ ಕಪ್ಪು ಇಡಲು ಆಚೆ ಹೋದಾಗ ಹೆಂಡತಿಯೇ ನನ್ನ ತೋಳು ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು.

“ಅಕ್ಕಾರ, ಕಾಕಾ ನಿಮ್ಮ ಮುಂದ ಏನರ ಅಂದಿದ್ರೇನ್ರಿ? ಇಂವ ಜೈಲಿನ್ಯಾಗ ಅವರಿಗೆ ಏನ ಹೇಳಿದ್ದಂತ? ನನ್ನ ಮುಂದ ಒಂದು ದಿನಾನೂ ಬಾಯಿ ಬಿಟ್ಟಿಲ್ರಿ. ಸತ್ತಾಂವನ ಹೇಣ್ತಿ ನಮ್ಮ ತವರೂರಾಕಿ. ನಾ ಊರಿಗೆ ಹ್ವಾದಾಗೆಲ್ಲಾ ಆಕಿ ಎದರಿಗೆ ಬರತಾಳ್ರಿ.”

ಕಾಕಾ ಏನೂ ಹೇಳಲಿಲ್ಲ ಅಂದೆ. ಅವಳು ತೋಳು ಬಿಡಲಿಲ್ಲ. ಅಷ್ಟರಲ್ಲಿ ಅವನು ತಿರುಗಿ ಬಂದ. ನಮ್ಮಿಬ್ಬರ ಮುಖ ನೋಡಿ, ಮಾತು ಯಾವುದೆಂದು ಅವನಿಗೆ ತಿಳಿದಿರಬೇಕು. ಹೋಗೋಣ ಅನ್ನುವಂತೆ ಬಾಗಿಲ ಕಡೆ ನೋಡಿದ. ಅವಳು ಕದಲಲಿಲ್ಲ. ಕಾಕಾನ ಹೆಸರು ಉಳಿಸಲೆಂದು ಎಂದಾದರೂ ಕೇಳಬೇಕೆಂದಿದ್ದ ಪ್ರಶ್ನೆ ಅದು. ಈಗ ಅವಳೂ ಅದಕ್ಕಾಗಿ ಕಾಯುತ್ತಿದ್ದಳು. ಒಂದು ಮಾತು ಕೇಳುತ್ತೇನೆ, ವಕೀಲಳಾಗಿ ಕೇಳುತ್ತಿಲ್ಲ, ಹೇಳಲೇಬೇಕೆಂದೂ ಇಲ್ಲ ಅಂತ ಅವನಿಗೆ ಮೊದಲೇ ಹೇಳಿ, ಆಮೇಲೆ ಕೇಳಿದೆ.

“ಜೈಲಿನ್ಯಾಗ ಕಾಕಾ ಮೊದಲನೇ ಸಲ ನಿಮ್ಮ ಎದರಿಗೆ ಕುಂತು ಕೇಳಿದಾಗ, ಆ ಕೈ ಯಾತಕ್ಕ ಮಾಡಿದ್ದಂತ ಅವರಿಗೆ ಹೇಳಿದ್ರಿ?”